ಅಕ್ಕಿ ಚೀಲದಾಗ ಆಲೂಗಡ್ಡೆ: ಸೀಗಿ ಹುಣ್ಣಿಮೆಗೆ ಮೊಳಕೆ, ಭಾರತ ಹುಣ್ಣಿಮೆಯೊಳಗೆ ಕೊಯ್ಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಖಾಲಿ ಅಕ್ಕಿ ಚೀಲ, ಗೋಣಿ ಚೀಲ, ಹಳೇ ಬಕೆಟ್ಟುಗಳಲ್ಲಿ ಮನೆಯಲ್ಲೇ ಆಲೂಗಡ್ಡೆ ಬೆಳೆಯೋದು ಹೇಗೆ ಅಂತ ಮಾತಾಡೋಣ. ಶುರು ಮಾಡೋ ಮೊದಲೇ ನನ್ನ ಲೆಕ್ಕ ಒಪ್ಪಿಸಿಬಿಡ್ತೀನಿ. ಮೊದಲ ವರ್ಷ 12 ಚೀಲಕ್ಕೆ ಒಂದೂವರೆ ಕೆ.ಜಿ. ಬೀಜದ ಗಡ್ಡೆ ಹಾಕಿ, ಮುಕ್ಕಾಲು ಕೆ.ಜಿ. ಆಲೂಗಡ್ಡೆ ತೆಗೆದೆ. ಅಂದರೆ ಹಾಕಿದ್ದರಲ್ಲಿ ಅರ್ಧ ವಾಪಸ್ ಬಂತು. ಎರಡನೇ ವರ್ಷ ಅದೂ ಬರಲಿಲ್ಲ. ಮೂರನೇ ವರ್ಷ 10 ಚೀಲದಲ್ಲಿ 11 ಕೆ.ಜಿ. ಬಂತು.

ಮೂರೂ ವರ್ಷ ಅದೇ ಮಾಳಿಗೆ, ಅದೇ ಥರದ ಚೀಲ. ಹಾಗಾದರೆ ಬದಲಾಗಿದ್ದೇನು? ಅದನ್ನು ಹೇಳೋದಕ್ಕೇ ಈ ಸಂಚಿಕೆ. ಯಾಕಂದ್ರೆ ಚೀಲದಲ್ಲಿ ಆಲೂಗಡ್ಡೆ ಅಂದ ಕೂಡಲೇ ಎಲ್ಲರೂ ಚೀಲದ ಬಗ್ಗೇನೇ ಕೇಳ್ತಾರೆ. ಯಾವ ಚೀಲ, ಎಷ್ಟು ದೊಡ್ಡದು, ಎಷ್ಟು ತೂತು ಅಂತ. ನಾನೂ ಹಾಗೇ ಶುರು ಮಾಡಿದ್ದೆ. ಆದರೆ ಗಡ್ಡೆ ಕಟ್ಟೋದನ್ನು ನಿರ್ಧರಿಸೋದು ಚೀಲ ಅಲ್ಲ. ಮೊದಲನೇದು ರಾತ್ರಿಯ ತಂಪು, ಎರಡನೇದು ಮಣ್ಣು.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಾನಿರೋದು ರಾಣೆಬೆನ್ನೂರಿನ ಒಂದು ಬಾಡಿಗೆ ಮನೆಯಲ್ಲಿ, ಮೇಲಿನ ಅಂತಸ್ತು. ಕೆಲಸ ಹಾವೇರಿಯಲ್ಲಿ. ಊರು ಬ್ಯಾಡಗಿ ತಾಲ್ಲೂಕು. ಮೂರೂ ಒಂದೇ ರೈಲು ಹಳಿಯ ಮೇಲೆ ಬರ್ತಾವೆ, ಹೀಗಾಗಿ ನನ್ನ ಜೀವನ ಆ ಹಳಿ ಬಿಟ್ಟು ಆಚೆ ಹೋಗಿದ್ದು ಕಡಿಮೆ. ಅಪ್ಪ ತೀರಿಕೊಂಡ ಮೇಲೆ ಹೊಲ ಲಾವಣಿಗೆ ಕೊಟ್ಟು, ಅವ್ವನನ್ನು ನಮ್ಮ ಹತ್ತಿರ ಕರ್ಕೊಂಡು ಬಂದೆವು. ಐವತ್ತು ವರ್ಷ ಮಣ್ಣಲ್ಲಿ ಕೈ ಇಟ್ಟವಳು, ಇಲ್ಲಿ ಬಂದು ಟೈಲ್ಸ್ ಮೇಲೆ ಕೂತಳು. ಏನೂ ಬೇಕು ಅನ್ನಲಿಲ್ಲ, ಏನೂ ಬೇಡ ಅನ್ನಲಿಲ್ಲ. ಮಾಳಿಗೆ ಮೇಲೆ ಏನಾದರೂ ಬೆಳೆಯೋಣ ಅಂತ ನನಗೆ ಅನ್ನಿಸಿದ್ದು ಅವಳನ್ನು ನೋಡಿ. ಆದರೆ ಬೆಳೆಯೋದು ಹೇಗೆ ಅಂತ ಮಾತ್ರ ಅವಳನ್ನು ಕೇಳಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಕೊಂಡೆ.

ಮೊದಲ ಸೋಲು: ತಿಂಗಳು ತಪ್ಪಿತ್ತು

ಸಂಕ್ರಾಂತಿ ಮುಗಿದ ಮೇಲೆ, ಜನವರಿ ಕೊನೆಗೆ ನೆಟ್ಟೆ. ಗಿಡ ನೋಡಬೇಕಿತ್ತು ನೀವು! ಮಾರ್ಚ್ ಹೊತ್ತಿಗೆ ಸೊಂಟದ ಎತ್ತರ, ಕಡು ಹಸಿರು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅವ್ವ ಬಂದು ನೋಡಿ ಇಷ್ಟೇ ಹೇಳಿದಳು: "ತಮ್ಮಾ, ಸೊಪ್ಪ ಚಂದ ಬಂದೈತಿ. ಬ್ಯಾಸಗ್ಯಾಗ ಗಡ್ಡಿ ಕಟ್ಟೂದಿಲ್ಲೋ." ನಾನು ನಕ್ಕೆ. ಏಪ್ರಿಲ್ ಕೊನೆಗೆ ಚೀಲ ಬೋರಲು ಹಾಕಿದಾಗ ಗೋಲಿ ಗಾತ್ರದವು, ನಿಂಬೆಕಾಯಿ ಗಾತ್ರದವು ಸಿಕ್ಕವು. ಮುಕ್ಕಾಲು ಕೆ.ಜಿ. ಅಂದೆನಲ್ಲ, ಅದು ಇದೇ.

ಯಾಕೆ ಹೀಗಾಗುತ್ತೆ? ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಇವತ್ತಿನ ಪೆರು, ಬೊಲಿವಿಯಾ ದೇಶಗಳ ಎತ್ತರದ ಜಾಗ. ಅಲ್ಲಿ ಹಗಲು ಬಿಸಿಲು, ರಾತ್ರಿ ಚಳಿ. ಆ ಗಿಡ ಅದಕ್ಕೇ ಒಗ್ಗಿಕೊಂಡಿದೆ. ಹಗಲು ಎಲೆಗಳು ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತವೆ. ರಾತ್ರಿ ತಂಪಿದ್ದರೆ ಗಿಡ ಉಸಿರಾಟಕ್ಕೆ ಖರ್ಚು ಮಾಡೋದು ಕಡಿಮೆ. ಉಳಿದ ಸಕ್ಕರೆ ಕೆಳಗಿಳಿದು ಪಿಷ್ಟವಾಗಿ ಗಡ್ಡೆಯಲ್ಲಿ ಕೂಡುತ್ತದೆ. ಇನ್ನೊಂದು ವಿಷಯ, "ಗಡ್ಡೆ ಕಟ್ಟು" ಅನ್ನೋ ಸಂದೇಶ ಹುಟ್ಟೋದೇ ಎಲೆಯಲ್ಲಿ. ಅಲ್ಲಿಂದ ಕಾಂಡದ ಮೂಲಕ ಮಣ್ಣಿನೊಳಕ್ಕೆ ಇಳಿಯುತ್ತದೆ. ಸೆಕೆ ಹೆಚ್ಚಾದರೆ ಆ ಸಂದೇಶವೇ ದುರ್ಬಲವಾಗುತ್ತದೆ. ಗಿಡ ಸೊಪ್ಪು ಬೆಳೆಸ್ತಾ ಹೋಗುತ್ತೆ, ಗಡ್ಡೆ ಮರೆತುಬಿಡುತ್ತೆ.

ರಾತ್ರಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಡ್ಡೆಗೆ ಚೆನ್ನ. ಅದಕ್ಕಿಂತ ಮೇಲೆ ಹೋದಂತೆಲ್ಲ ಇಳುವರಿ ಕುಸಿಯುತ್ತೆ. ನಮ್ಮ ಹಾವೇರಿ ಕಡೆ ಅಂಥ ರಾತ್ರಿಗಳು ಸಿಗೋದು ಮುಖ್ಯವಾಗಿ ನವೆಂಬರ್, ಡಿಸೆಂಬರ್, ಜನವರಿಯಲ್ಲಿ. ಅದರ ಮೇಲೆ, ಮಾಳಿಗೆ ಮೇಲಿನ ಚೀಲ ಹೊಲದ ನೆಲಕ್ಕಿಂತ ಬೇಗ ಕಾಯುತ್ತೆ. ಸುತ್ತಲೂ ಬಿಸಿಲು, ಕೆಳಗೆ ಕಾದ ಕಾಂಕ್ರೀಟು. ಹೀಗಾಗಿ ಚೀಲದಲ್ಲಿ ಬೆಳೆಯೋರು ತಿಂಗಳು ತಪ್ಪಲೇಬಾರದು.

ಮುಂದಿನ ವರ್ಷ ಅವ್ವನನ್ನು ಕೇಳಿದೆ. ಅವಳು ಕ್ಯಾಲೆಂಡರ್ ನೋಡಲಿಲ್ಲ, ಹಬ್ಬ ಲೆಕ್ಕ ಹಾಕಿದಳು. ಆ ಲೆಕ್ಕ ನಾನು ಪುಸ್ತಕದಲ್ಲಿ ಓದಿದ್ದಕ್ಕೆ ಕರೆಕ್ಟಾಗಿ ಹೊಂದಿತು. ನಮ್ಮ ಕಡೆಯವರಿಗೆ ನೆನಪಿಡೋಕೆ ಸುಲಭ, ಬರೆದುಕೊಳ್ರಿ:

ಸೀಗಿ ಹುಣ್ಣಿಮೆಗೆ ಬೀಜದ ಗಡ್ಡೆಯನ್ನು ಮೊಳಕೆಗೆ ಇಡಬೇಕು.
ಹದಿನೈದು ದಿನ ಬಿಟ್ಟು ದೀಪಾವಳಿಗೆ ನೆಡಬೇಕು.
ಅಲ್ಲಿಂದ ಎರಡು ತಿಂಗಳಿಗೆ ಎಳ್ಳ ಅಮವಾಸ್ಯೆ. ಆಗ ಗಡ್ಡೆ ದಪ್ಪ ಆಗೋ ಕಾಲ, ನೀರು ತಪ್ಪಿಸಬಾರದು.
ಮೂರು ತಿಂಗಳಿಗೆ ಅವರಾತ್ರಿ ಅಮವಾಸ್ಯೆ. ಆಗ ನೀರು ನಿಲ್ಲಿಸಬೇಕು.
ಭಾರತ ಹುಣ್ಣಿಮೆಯೊಳಗೆ ಕಿತ್ತು ಮುಗಿಸಬೇಕು.

ನೆಟ್ಟ ದಿನದಿಂದ ಲೆಕ್ಕ ಹಾಕಿದರೆ 90ರಿಂದ 105 ದಿನ. ದೀಪಾವಳಿ ತಪ್ಪಿದರೂ ನವೆಂಬರ್ ಮುಗಿಯೋದರೊಳಗೆ ನೆಟ್ಟುಬಿಡಿ. ಅದೂ ತಪ್ಪಿತಾ? ಆ ವರ್ಷ ಮೆಂತ್ಯ ಹಾಕಿ, ಸುಮ್ಮನೆ ಬೀಜ ಕಳಕೊಳ್ಳಬೇಡಿ.

ಎರಡನೇ ಸೋಲು: ಮಣ್ಣು ತಪ್ಪಿತ್ತು

ಎರಡನೇ ವರ್ಷ ತಿಂಗಳು ಸರಿ ಇತ್ತು. ಈ ಸಲ ಅವ್ವನೇ ಮುಂದೆ ನಿಂತಳು. "ಅಂಗಡಿ ಮಣ್ಣ ಯಾಕಲೇ, ನಮ್ಮ ಹೊಲದಾಗ ಇಲ್ಲನು?" ಅಂತ ಊರಿಂದ ಮಣ್ಣು ತರಿಸಿದಳು. ಚೀಲವನ್ನೂ ಊರಿಂದಲೇ ತಂದೆವು. ಮೆಣಸಿನಕಾಯಿ ತುಂಬಿ ಖಾಲಿ ಮಾಡಿದ ಗೋಣಿ ಚೀಲ, ಬ್ಯಾಡಗಿ ಕಡೆ ಅದಕ್ಕೇನು ಬರವೇ? ಒಂದು ಮಾತು ಹೇಳ್ತೀನಿ, ಆ ಚೀಲಗಳನ್ನು ಮನೆಯೊಳಗೆ ಝಾಡಿಸಬೇಡಿ. ಘಾಟಿಗೆ ಇಡೀ ಮನೆ ಕೆಮ್ಮಿ, ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿದರು. ಬಯಲಲ್ಲಿ ಝಾಡಿಸಿ, ನೀರಲ್ಲಿ ಅದ್ದಿ ಒಣಗಿಸಿ.

ನೆಟ್ಟು ನಲವತ್ತೈದು ದಿನಕ್ಕೆ ಒಂದು ಗಿಡ ಬಾಡಿತು. ಎಲೆ ಹಳದಿ ಆಗಲಿಲ್ಲ, ಒಣಗಲಿಲ್ಲ. ಹಸಿರಾಗಿದ್ದಂತೆಯೇ ಮಧ್ಯಾಹ್ನ ಜೋತುಬಿತ್ತು. ನೀರು ಹಾಕಿದೆ. ಸಂಜೆ ಸ್ವಲ್ಪ ಎದ್ದಿತು, ಮರುದಿನ ಮತ್ತೆ ಬಿತ್ತು. ಹತ್ತು ದಿನದಲ್ಲಿ ಒಂದೂ ಗಿಡ ಉಳಿಯಲಿಲ್ಲ.

ಇಲ್ಲಿ ನಿಮಗೆ ಒಂದು ಸುಲಭ ಪರೀಕ್ಷೆ ಹೇಳಿಕೊಡ್ತೀನಿ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಲ್ಲಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಐದು ನಿಮಿಷ ಅಲ್ಲಾಡಿಸದೆ ನೋಡಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಬ್ಯಾಕ್ಟೀರಿಯಾ ಕಾಂಡದೊಳಗಿನ ನೀರಿನ ಕೊಳವೆಗಳನ್ನೇ ಕಟ್ಟಿಬಿಡುತ್ತೆ. ಮೇಲಿಂದ ಎಷ್ಟು ನೀರು ಹಾಕಿದರೂ ಎಲೆಗೆ ಏರೋದಿಲ್ಲ. ಒಮ್ಮೆ ಗಿಡಕ್ಕೆ ಹತ್ತಿದ ಮೇಲೆ ಇದಕ್ಕೆ ಔಷಧಿ ಇಲ್ಲ.

ನಮ್ಮ ಲೋಟದಲ್ಲಿ ಬಿಳಿ ಎಳೆ ಇಳಿಯಿತು. ಅವ್ವ ಅದನ್ನೇ ನೋಡ್ತಾ ನಿಂತಿದ್ದಳು.

ಇದು ಯಾಕಾಯ್ತು ಅಂದ್ರೆ, ಆಲೂಗಡ್ಡೆ, ಮೆಣಸಿನಕಾಯಿ, ಟೊಮೆಟೊ, ಬದನೆಕಾಯಿ ಇವು ನಾಲ್ಕೂ ಒಂದೇ ಕುಟುಂಬದ ಗಿಡಗಳು. ದಾಯಾದಿಗಳು ಅನ್ನಿ. ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತುತ್ತೆ. ಸೊರಗು ರೋಗ ಮಣ್ಣಿನ ಮೂಲಕವೂ ಬರುತ್ತೆ, ಬೀಜದ ಗಡ್ಡೆಯ ಮೂಲಕವೂ ಬರುತ್ತೆ. ನಾವು ತಂದಿದ್ದು ಹಿಂದಿನ ವರ್ಷ ಮೆಣಸಿನ ಗಿಡಗಳು ಬಾಡಿದ್ದ ಮೂಲೆಯ ಮಣ್ಣು. ನಮ್ಮ ಜಿಲ್ಲೆಯಲ್ಲಿ ಈ ತಪ್ಪು ಮಾಡೋದು ತೀರಾ ಸುಲಭ, ಯಾಕಂದ್ರೆ ಯಾವ ಹೊಲಕ್ಕೆ ಹೋದರೂ ಎಂದಾದರೊಮ್ಮೆ ಮೆಣಸಿನಕಾಯಿ ಬೆಳೆದೇ ಇರ್ತಾರೆ. ರಾಣೆಬೆನ್ನೂರು ಸುತ್ತಮುತ್ತ ಬೀಜೋತ್ಪಾದನೆಗೆ ಅಂತ ಟೊಮೆಟೊ, ಮೆಣಸಿನಕಾಯಿ ಬೆಳೆಯೋರೂ ಬಹಳ. ಚೀಲಕ್ಕೆ ಮಣ್ಣು ತರೋ ಮೊದಲು ಒಂದೇ ಪ್ರಶ್ನೆ ಕೇಳಿ: ಮೂರು ವರ್ಷದಿಂದ ಅಲ್ಲಿ ಏನಿತ್ತು? ಗೋವಿನಜೋಳ, ಜೋಳ ಇತ್ತು ಅಂದರೆ ತನ್ನಿ. ಈ ನಾಲ್ಕರಲ್ಲಿ ಯಾವುದಾದರೂ ಇತ್ತು ಅಂದರೆ ಬಿಡಿ.

ಅವ್ವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ನಮ್ಮ ಹೊಲದ ಮಣ್ಣs ಕೆಟ್ಟೈತೇನೋ?" ಅಂದಳು. ಮಣ್ಣು ಕೆಟ್ಟಿಲ್ಲ, ಆ ಒಂದು ಮೂಲೆಗೆ ರೋಗ ಕೂತಿದೆ, ಬೆಳೆ ಬದಲಾಯಿಸಿದರೆ ಕಡಿಮೆ ಆಗುತ್ತೆ ಅಂತ ಹೇಳಿದೆ. ಮರುದಿನ ಲಾವಣಿ ಮಾಡಿದವರಿಗೆ ಅವಳೇ ಫೋನ್ ಮಾಡಿ, ಆ ಮೂಲೆಗೆ ಮೆಣಸಿನಕಾಯಿ ಹಚ್ಚಬೇಡಿ, ಎರಡು ವರ್ಷ ಗೋವಿನಜೋಳ ಹಾಕಿರಿ ಅಂದಳು. ಅವರು ಒಪ್ಪಿದರು. ಮಾಳಿಗೆ ಮೇಲಿನ ಆ ಚೀಲಗಳಿಂದ ಬಂದ ಲಾಭ ಅಷ್ಟೇ, ಆದರೆ ಅದು ಸಣ್ಣದಲ್ಲ ಅಂತ ನನಗೆ ಈಗ ಅನ್ನಿಸುತ್ತೆ.

ಹಾಂ, ರೋಗ ಬಂದ ಮಣ್ಣನ್ನು ವಾಪಸ್ ಹೊಲಕ್ಕೆ ಸುರಿಯಬೇಡಿ. ಗಿಡಗಳನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ, ಒಣಗಿಸಿ ಸುಟ್ಟುಬಿಡಿ.

ಬೀಜ: ಅಂಗಡಿ ಆಲೂಗಡ್ಡೆ ನಡೆಯುತ್ತಾ?

ಇದು ಬಹಳ ಜನ ಕೇಳೋ ಪ್ರಶ್ನೆ. ನಡೆಯುತ್ತೆ, ಆದರೆ ಎಲ್ಲವೂ ಅಲ್ಲ. ಭೂಮಿಯಿಂದ ಕಿತ್ತ ಆಲೂಗಡ್ಡೆ ಒಂದೂವರೆ ಎರಡು ತಿಂಗಳು ನಿದ್ದೆಯಲ್ಲಿರುತ್ತೆ. ಆಗ ತಾನಾಗಿ ಮೊಳಕೆ ಬರೋದಿಲ್ಲ. ಅಕ್ಟೋಬರ್ ಹೊತ್ತಿಗೆ ನಮ್ಮ ಸಂತೆಯಲ್ಲಿ ಎರಡು ಥರದ್ದು ಸಿಗುತ್ತೆ. ಒಂದು ಹೊಸದು, ಸಿಪ್ಪೆ ತೆಳ್ಳಗೆ, ಉಗುರಲ್ಲಿ ಕೆರೆದರೆ ಸುಲಿಯುತ್ತೆ. ಹಾಸನದ ಕಡೆ ಮುಂಗಾರಿನಲ್ಲಿ ಬೆಳೆದದ್ದು ಹೀಗಿರುತ್ತೆ. ತಿನ್ನೋಕೆ ರುಚಿ, ಆದರೆ ಆಗ ಬೀಜಕ್ಕೆ ಬರೋದಿಲ್ಲ, ಅದು ಇನ್ನೂ ನಿದ್ದೆಯಲ್ಲಿರುತ್ತೆ. ಇನ್ನೊಂದು ಹಳೇದು, ಉತ್ತರ ಭಾರತದಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಕಿತ್ತು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು. ಸಿಪ್ಪೆ ದಪ್ಪ. ಇದರ ನಿದ್ದೆ ಮುಗಿದಿರುತ್ತೆ, ಹೊರಗೆ ತಂದ ಹತ್ತು ಹದಿನೈದು ದಿನಕ್ಕೆ ಕಣ್ಣು ಬಿಡುತ್ತೆ. ನಮಗೆ ಬೇಕಾದದ್ದು ಇದು. ಚಿಗುರದ ಹಾಗೆ ಔಷಧಿ ಮುಟ್ಟಿಸಿದ ಗಡ್ಡೆಯೂ ಕೆಲವು ಕಡೆ ಬರುತ್ತೆ. ಅದಕ್ಕೇ ಸೀಗಿ ಹುಣ್ಣಿಮೆಗೆ ಮೊಳಕೆಗೆ ಇಡಿ ಅಂದಿದ್ದು. ಹದಿನೈದು ದಿನದಲ್ಲಿ ಕಣ್ಣು ಬಿಡದ ಗಡ್ಡೆಯನ್ನು ಸಾರಿಗೆ ಹಾಕಿ, ಚೀಲಕ್ಕೆ ಹಾಕಬೇಡಿ.

ಪ್ರಮಾಣಿತ ಬೀಜ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಶಿಮ್ಲಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇದೆ. ನಮ್ಮಲ್ಲಿ ಬೆಳೆಯೋ ತಳಿಗಳ ಹೆಸರಿನ ಮುಂದೆ ಕುಫ್ರಿ ಅಂತ ಇರುತ್ತಲ್ಲ, ಅದು ಶಿಮ್ಲಾ ಹತ್ತಿರದ ಒಂದು ಊರಿನ ಹೆಸರು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಕರ್ನಾಟಕದಲ್ಲಿ ಬಹಳ ಹೆಸರು ಮಾಡಿದ ತಳಿ. ಸೆಕೆಯನ್ನು ಸ್ವಲ್ಪ ತಡೆದುಕೊಳ್ಳಲಿ ಅಂತಲೇ ರೂಪಿಸಿದ ತಳಿ ಕುಫ್ರಿ ಸೂರ್ಯ.

ಬೀಜದ ಮಾತು ಬಂತು ಅಂದ್ರೆ ಹಾಸನವನ್ನು ನೆನೆಯಲೇಬೇಕು. ಅಲ್ಲಿನ ರೈತರು ದಶಕಗಳಿಂದ ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬೀಜದ ಗಡ್ಡೆಯನ್ನೇ ನಂಬಿಕೊಂಡು ಬಂದವರು. ಬೀಜ ಕಳಪೆಯಾದ ವರ್ಷ, ಇಲ್ಲವೇ ಮಳೆ ಹಿಡಿದು ಅಂಗಮಾರಿ ಬಿದ್ದ ವರ್ಷ ಸಾಲವೇ ಫಸಲು. ಆಲೂಗಡ್ಡೆಯ ಖರ್ಚಿನಲ್ಲಿ ದೊಡ್ಡ ಪಾಲು ಬೀಜದ್ದೇ. ಇದಕ್ಕೆ ಪರಿಹಾರವಾಗಿ ಹಾಸನದ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ರೋಗವಿಲ್ಲದ ಸಸಿಯ ಕುಡಿಗಳಿಗೆ ಬೇರು ಬರಿಸಿ, ಅದನ್ನೇ ನಾಟಿಗೆ ಕೊಡೋ ಪದ್ಧತಿ ಬೆಳೆಸಿದ್ದಾರೆ. ಇದು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೇಂದ್ರ. ಎಕರೆಗಟ್ಟಲೆ ಬೆಳೆಯೋರಿಗೇ ಬೀಜ ಇಷ್ಟು ಕಷ್ಟ ಅಂದಮೇಲೆ, ನಮ್ಮ ಹತ್ತು ಚೀಲಕ್ಕೆ ಬೀಜ ಆರಿಸೋವಾಗಲೂ ಒಂದು ಹೊತ್ತು ಕೊಡಬೇಕು. ಮೃದುವಾದದ್ದು, ಕಪ್ಪು ಕಲೆ ಇದ್ದದ್ದು, ಕತ್ತರಿಸಿದಾಗ ಒಳಗೆ ಕಂದು ಉಂಗುರ ಕಾಣೋದು, ಇವೆಲ್ಲ ಬೇಡ. ಉಂಗುರ ಕಂಡರೆ ಚಾಕುವನ್ನು ಕುದಿಯೋ ನೀರಲ್ಲಿ ತೊಳೆದು ಮುಂದಿನದಕ್ಕೆ ಹೋಗಿ.

ಮೊಳಕೆಗೆ ಇಡೋದು ಕತ್ತಲಲ್ಲಿ ಅಲ್ಲ. ನೇರ ಬಿಸಿಲು ಬೀಳದ, ಬೆಳಕಿರೋ ಜಾಗದಲ್ಲಿ ಒಂದೇ ಪದರವಾಗಿ ಹರಡಿ. ಕತ್ತಲಲ್ಲಿ ಬಂದ ಮೊಳಕೆ ಬೆಳ್ಳಗೆ ಉದ್ದಕ್ಕೆ ಬಂದು ಮುಟ್ಟಿದರೆ ಮುರಿಯುತ್ತೆ. ಬೆಳಕಲ್ಲಿ ಬಂದದ್ದು ಗಿಡ್ಡಗೆ, ದಪ್ಪಗೆ ಇರುತ್ತೆ. ಗಡ್ಡೆ ಕೋಳಿಮೊಟ್ಟೆ ಗಾತ್ರದ್ದಾದರೆ ಇಡಿಯಾಗಿ ನೆಡಿ. ದೊಡ್ಡದಾದರೆ 40 ಗ್ರಾಂ ಸುತ್ತಮುತ್ತ ಬರೋ ಹಾಗೆ, ಪ್ರತಿ ಹೋಳಿಗೆ ಎರಡು ಕಣ್ಣು ಇರೋ ಹಾಗೆ ಕತ್ತರಿಸಿ. ಕತ್ತರಿಸಿದ ಕೂಡಲೇ ನೆಡಬೇಡಿ. ಎರಡು ದಿನ ನೆರಳಲ್ಲಿ ಇಟ್ಟರೆ ಗಾಯದ ಮೇಲೆ ಪೊರೆ ಕಟ್ಟುತ್ತೆ, ಮಣ್ಣಲ್ಲಿ ಕೊಳೆಯೋದಿಲ್ಲ.

ಚೀಲ ಮತ್ತು ಮಣ್ಣು

ಈಗ ಚೀಲದ ವಿಷಯ. 25 ಕೆ.ಜಿ. ಅಕ್ಕಿ ಚೀಲ ಸಾಕು, ಅದರಲ್ಲಿ ಎರಡು ಹೋಳು ಹಾಕಿ. ಮೂರು ಹಾಕಿದರೆ ಗಡ್ಡೆ ಸಣ್ಣದಾಗುತ್ತೆ. ನನ್ನ ಮೊದಲ ವರ್ಷದ ಆಸೆಬುರುಕತನ ಅದು. ಗೋಣಿ ಚೀಲದಲ್ಲಿ ಗಾಳಿ ಆಡುತ್ತೆ, ತಂಪಾಗಿರುತ್ತೆ, ಆದರೆ ಬೇಗ ಒಣಗುತ್ತೆ, ಒಂದೇ ಬೆಳೆಗೆ ಮುಗಿಯುತ್ತೆ. ಪ್ಲಾಸ್ಟಿಕ್ ನೇಯ್ಗೆಯ ಚೀಲ ಒಂದು ಬೇಸಿಗೆ ಬಿಸಿಲಲ್ಲಿ ಬಿಟ್ಟರೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತೆ. ಬೆಳೆ ಮುಗಿದ ಕೂಡಲೇ ಮಡಚಿ ನೆರಳಲ್ಲಿಡಿ. ಪೇಂಟ್ ಬಕೆಟ್ ಆದರೆ ಒಳಗೆ ಪೇಂಟಿನ ಪದರ ಉಳಿಯದ ಹಾಗೆ ಕೆರೆದು ತೊಳೆದಿರಬೇಕು, ಒಂದು ಬಕೆಟ್ಟಿಗೆ ಒಂದೇ ಹೋಳು. ಗೊಬ್ಬರದ ಚೀಲ ತೊಳೆದು ಬಳಸಬಹುದು. ಕೀಟನಾಶಕದ ಪುಡಿ ತುಂಬಿದ್ದ ಚೀಲ ಮಾತ್ರ ಎಷ್ಟು ತೊಳೆದರೂ ಬೇಡ, ನಾವು ತಿನ್ನೋ ಗಡ್ಡೆ ಅದರೊಳಗೇ ಬೆಳೆಯೋದು.

ತಳಕ್ಕೂ, ತಳದಿಂದ ಒಂದು ಇಂಚು ಮೇಲೆ ಸುತ್ತಲೂ, ಎಂಟು ಹತ್ತು ತೂತು ಮಾಡಿ. ನೀರು ನಿಂತರೆ ಗಡ್ಡೆ ಕೊಳೆಯುತ್ತೆ.

ಬರೀ ಎರಿ ಮಣ್ಣು ತುಂಬಬೇಡಿ. ಹತ್ತಿಗೆ, ಮೆಣಸಿನಕಾಯಿಗೆ ಅದು ಬಂಗಾರ. ಆದರೆ ಚೀಲದಲ್ಲಿ ಒದ್ದೆಯಾದಾಗ ಅಂಟು, ಒಣಗಿದಾಗ ಇಟ್ಟಿಗೆ. ಗಡ್ಡೆಗೆ ಉಬ್ಬೋಕೆ ಜಾಗ ಸಿಗೋದಿಲ್ಲ. ಒಂದು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ಭತ್ತದ ಹೊಟ್ಟು ಅಥವಾ ನೆನೆಸಿದ ತೆಂಗಿನ ನಾರಿನ ಪುಡಿ. ಹಸಿ ಸಗಣಿ ಹಾಕಬೇಡಿ. ಒಲೆಯ ಬೂದಿ ಒಂದು ಹಿಡಿ ಸಾಕು, ಹೆಚ್ಚಾದರೆ ಮಣ್ಣು ಕ್ಷಾರವಾಗಿ ಸಿಪ್ಪೆ ಮೇಲೆ ಕಜ್ಜಿ ಏಳುತ್ತೆ.

ಬಾಡಿಗೆ ಮನೆಯವರಿಗೆ ಒಂದು ಮಾತು. ನೀರು ಕುಡಿದ ಒಂದು ಚೀಲ 30ರಿಂದ 40 ಕೆ.ಜಿ. ತೂಗುತ್ತೆ. ಹತ್ತು ಚೀಲ ಅಂದರೆ ಮೂರ್ನಾಲ್ಕು ಕ್ವಿಂಟಲ್. ಎಲ್ಲವನ್ನೂ ಮಾಳಿಗೆಯ ನಡುವೆ ಗುಂಪಾಗಿ ಇಡಬೇಡಿ, ಗೋಡೆ ಇರೋ ಸಾಲಿನ ಮೇಲೆ ಹಂಚಿ ಇಡಿ. ಕೆಳಗೆ ಎರಡೆರಡು ಇಟ್ಟಿಗೆ ಕೊಡಿ, ನೀರು ನಿಲ್ಲದೆ ಹರಿದು ಹೋಗಲಿ. ನಮ್ಮ ಮನೆ ಮಾಲೀಕರು ಸ್ಲ್ಯಾಬಿಗೆ ತೇವ ಇಳೀತದೆ, ಎಲ್ಲ ತೆಗೀರಿ ಅಂದಿದ್ದರು. ಅವರು ಹೇಳಿದ್ದು ತಪ್ಪಲ್ಲ. ಇಟ್ಟಿಗೆ ಕೊಟ್ಟು, ನೀರು ಹರಿಯೋ ದಾರಿ ತೋರಿಸಿದ ಮೇಲೆ ಒಪ್ಪಿದರು.

ನೆಟ್ಟ ಮೇಲೆ

ಚೀಲದ ಬಾಯಿಯನ್ನು ಹೊರಕ್ಕೆ ಮಡಚಿ ಅರ್ಧಕ್ಕೆ ಇಳಿಸಿ. ಅರ್ಧದವರೆಗೆ ಮಣ್ಣು ತುಂಬಿ, ಹೋಳುಗಳನ್ನು ಕಣ್ಣು ಮೇಲಾಗಿ ಇಟ್ಟು, ನಾಲ್ಕು ಬೆರಳು ಮಣ್ಣು ಮುಚ್ಚಿ. ಗಿಡ ಒಂದು ಗೇಣು ಬಂದಾಗ, ತುದಿಯ ಎಲೆ ಬಿಟ್ಟು ಸುತ್ತಲೂ ಮಣ್ಣು ಏರಿಸಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ.

ಯಾಕೆ ಮಣ್ಣು ಏರಿಸಬೇಕು? ಆಲೂಗಡ್ಡೆ ಬೇರಲ್ಲ, ಕಾಂಡ. ಮಣ್ಣೊಳಗಿನ ಕಾಂಡದಿಂದ ಅಡ್ಡಕ್ಕೆ ಬಳ್ಳಿಯಂಥ ಕುಡಿ ಹೊರಡುತ್ತೆ, ಅದರ ತುದಿ ಉಬ್ಬಿ ಗಡ್ಡೆಯಾಗುತ್ತೆ. ಆ ತುದಿಗೆ ಬೆಳಕು ಬಿದ್ದರೆ ಅದು ಗಡ್ಡೆ ಆಗದೆ ಮೇಲೆದ್ದು ಎಲೆ ಬಿಡುತ್ತೆ. ಕತ್ತಲು ಕಾಯೋದಕ್ಕೇ ಮಣ್ಣು.

ಇಲ್ಲಿ ಒಂದು ಸುಳ್ಳನ್ನು ಒಡೆಯಬೇಕು. ಮಣ್ಣು ಏರಿಸ್ತಾ ಹೋದಷ್ಟೂ ಪದರ ಪದರವಾಗಿ ಗಡ್ಡೆ ಕಟ್ಟುತ್ತೆ, ಒಂದು ಚೀಲಕ್ಕೆ ಹತ್ತು ಇಪ್ಪತ್ತು ಕೆ.ಜಿ. ಬರುತ್ತೆ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ಬರೋದಿಲ್ಲ. ಹೆಚ್ಚಿನ ಗಡ್ಡೆಗಳು ಬೀಜದ ಹೋಳಿಗೆ ಹತ್ತಿರದ ಕೆಳಗಿನ ಗೆಣ್ಣುಗಳಲ್ಲೇ ಕಟ್ಟೋದು. ಎರಡು ಸಲ ಏರಿಸಿದರೆ ಸಾಕು. ಚೀಲಕ್ಕೆ ಒಂದು ಕೆ.ಜಿ. ಬಂದರೆ ಚೆನ್ನಾಗಿ ಬಂತು ಅಂತಲೇ ಅರ್ಥ.

ನೀರಿಗೆ ದಿನದ ಲೆಕ್ಕ ಬೇಡ, ಬೆರಳಿನ ಲೆಕ್ಕ ಇಟ್ಟುಕೊಳ್ಳಿ. ಎರಡು ಗೆಣ್ಣು ಆಳಕ್ಕೆ ಬೆರಳು ಇಳಿಸಿ, ಒಣಗಿದ್ದರೆ ಹಾಕಿ. ಅಕ್ಕಿ, ಬೇಳೆ ತೊಳೆದ ನೀರು ನಡೆಯುತ್ತೆ, ಸೋಪಿನ ನೀರು ಬೇಡ. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಲೇ ಕೊಡ ಸುರಿದರೆ ಗಡ್ಡೆ ಸೀಳುತ್ತೆ.

ಮೋಡ ಮುಚ್ಚಿ, ಜಿಟಿ ಜಿಟಿ ಹನಿ ಹಿಡಿದು, ಎಲೆ ಅಂಚಿನಲ್ಲಿ ನೀರು ನೆನೆದಂಥ ಕಪ್ಪು ಮಚ್ಚೆ ಬಂದರೆ ಅದು ಅಂಗಮಾರಿ. 1845ರಿಂದ ಐರ್ಲೆಂಡಿನಲ್ಲಿ ಬಿದ್ದ ಮಹಾ ಬರಗಾಲಕ್ಕೆ ಕಾರಣವಾದ ರೋಗ ಇದೇ. ಹಿಂಗಾರಿನ ಒಣ ಹವೆಯಲ್ಲಿ ನಮ್ಮ ಕಡೆ ಇದರ ಕಾಟ ಕಡಿಮೆ. ಕಂಡ ಎಲೆಗಳನ್ನು ಆಗಲೇ ಕಿತ್ತು ತೆಗೆಯಿರಿ, ಎಲೆ ಮೇಲೆ ನೀರು ಚಿಮುಕಿಸಬೇಡಿ. ಗೊತ್ತಾಗದ ರೋಗ ಬಂದರೆ, ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಒಂದು ಟೊಂಗೆ ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಕೊಯ್ಲು, ಮತ್ತು ಎರಡು ಎಚ್ಚರಿಕೆ

ಎಲೆ ಹಳದಿಯಾಗಿ ಗಿಡ ವಾಲಿದಾಗ ನೀರು ನಿಲ್ಲಿಸಿ. ಎರಡು ದಿನ ಬಿಟ್ಟು ಸೊಪ್ಪು ಕತ್ತರಿಸಿ, ಹತ್ತು ದಿನ ಗಡ್ಡೆಯನ್ನು ಮಣ್ಣಲ್ಲೇ ಬಿಡಿ. ಸಿಪ್ಪೆ ಗಟ್ಟಿಯಾಗುತ್ತೆ. ಹೆಬ್ಬೆರಳಲ್ಲಿ ತಿಕ್ಕಿದರೆ ಸಿಪ್ಪೆ ಸುಲಿಯಬಾರದು, ಅದೇ ಗುರುತು. ಆಮೇಲೆ ತಾಡಪಾಲಿನ ಮೇಲೆ ಚೀಲ ಬೋರಲು ಹಾಕಿ. ತೊಳೆಯಬೇಡಿ, ಮಣ್ಣು ಕೊಡವಿ ಕತ್ತಲಲ್ಲಿ ಇಡಿ.

ಎಚ್ಚರಿಕೆ ಒಂದು. ಬಿಳಿ ಚೀಲದ ಪಕ್ಕದಿಂದ ಬೆಳಕು ಬಿದ್ದು ಕೆಲವು ಗಡ್ಡೆ ಹಸಿರಾಗಿರುತ್ತವೆ. ಅದರಲ್ಲಿ ಸೋಲನಿನ್ ಅನ್ನೋ ವಿಷ ಇರುತ್ತೆ. ಬೇಯಿಸಿದರೂ, ಕರಿದರೂ ಹೋಗೋದಿಲ್ಲ. ಪೂರ್ತಿ ಹಸಿರಾದದ್ದನ್ನು, ಕಹಿ ಆದದ್ದನ್ನು ಎಸೆಯಿರಿ. ಎರಡು. ನಮ್ಮವರು ಯಾವ ಸೊಪ್ಪು ಕಂಡರೂ ಪಲ್ಯದ ಯೋಚನೆ ಮಾಡ್ತಾರೆ. ಆಲೂಗಡ್ಡೆ ಸೊಪ್ಪು ತಿನ್ನಬಾರದು. ಹೂ ಉದುರಿದ ಮೇಲೆ ಕೆಲವು ಗಿಡದಲ್ಲಿ ಸಣ್ಣ ಟೊಮೆಟೊ ಥರ ಕಾಯಿ ಬಿಡುತ್ತೆ, ಅದೂ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಂಡ ಕೂಡಲೇ ಕಿತ್ತುಹಾಕಿ.

ಕೊನೆಗೆ ದುಡ್ಡಿನ ಲೆಕ್ಕ. ಮೂರನೇ ವರ್ಷ ಮಣ್ಣು ತರೋಕೆ ಆಟೋ, ನಾರಿನ ಪುಡಿ, ಬೀಜ ಎಲ್ಲ ಸೇರಿ ನನಗೆ ಐನೂರು ರೂಪಾಯಿಗೆ ಸ್ವಲ್ಪ ಮೇಲೆ ಹೋಯಿತು. ಬಂದದ್ದು 11 ಕೆ.ಜಿ. ಆ ವಾರ ಸಂತೆಯಲ್ಲಿ ಅಷ್ಟು ಆಲೂಗಡ್ಡೆ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ಮಣ್ಣು ಉಳಿಯುತ್ತೆ, ಮುಂದಿನ ವರ್ಷ ಖರ್ಚು ಇಳಿಯುತ್ತೆ. ಅದೇ ಮಣ್ಣಲ್ಲಿ ಈಗ ಮೆಂತ್ಯ, ಬೀನ್ಸ್ ಬರ್ತಾ ಇದೆ. ಮತ್ತೆ ಆಲೂಗಡ್ಡೆಯನ್ನಾಗಲಿ ಅದರ ದಾಯಾದಿಗಳನ್ನಾಗಲಿ ಸದ್ಯಕ್ಕೆ ಅದರಲ್ಲಿ ಹಾಕೋದಿಲ್ಲ. ಆದರೆ ಉಳಿತಾಯಕ್ಕೆ ಅಂತ ಇದನ್ನು ಶುರು ಮಾಡಿದರೆ ಮೊದಲ ವರ್ಷವೇ ಬಿಟ್ಟುಬಿಡ್ತೀರಿ. ಮನೆಯಲ್ಲಿ ಬೆಳಗ್ಗೆ ಎದ್ದು ಮಣ್ಣಲ್ಲಿ ಬೆರಳಿಟ್ಟು ನೋಡೋರು ಒಬ್ಬರು ಇದ್ದರೆ ಮಾಡಿ.

ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು. ಮೂರನೇ ವರ್ಷದ ಚೀಲ ಬೋರಲು ಹಾಕಿದ ದಿನ ಅವಳು ಗಡ್ಡೆಗಳನ್ನು ಮೂರು ಗುಂಪು ಮಾಡಿದಳು. ದೊಡ್ಡವು ಅಡುಗೆಗೆ. ನಡುವಿನವು ಒಂದು ಪುಟ್ಟಿ ತುಂಬಿ ಕೆಳಗೆ ಮನೆ ಮಾಲೀಕರಿಗೆ. ಮೊಟ್ಟೆ ಗಾತ್ರದವನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಅವನ್ಯಾಕೆ ಅಂದೆ. "ಬೀಜಕ್ಕ. ಸೀಗಿ ಹುಣ್ಣಿವಿ ಬರೂದಿಲ್ಲೇನು ಮತ್ತ?" ಅಂದಳು. ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ನಮ್ಮ ಸೆಕೆಯಲ್ಲಿ ಅವು ಉಳಿಯೋದಿಲ್ಲ, ಸುಕ್ಕುಗಟ್ಟಿ ಕೊಳೆಯುತ್ತವೆ, ಕೋಲ್ಡ್ ಸ್ಟೋರೇಜ್ ಬೇಕು ಅಂತ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಕುದಿಸಿ ಉಪ್ಪ ಖಾರ ಹಚ್ಚಿ ಹುಡುಗೂರಿಗೆ ಕೊಡು" ಅಂದಳು. ಕೊಟ್ಟೆವು. ಬ್ಯಾಡಗಿ ಖಾರವೇ.

ಇವತ್ತಿಗೆ ಇಷ್ಟು. ಮುಂದಿನ ಸೀಗಿ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡಿ, ಅಷ್ಟರೊಳಗೆ ಖಾಲಿ ಚೀಲ ಕೂಡಿಸಿಡಿ.